ಗಾಡ್‌ವಿನ್ ಹೊಡೆದ ಪೆನ್ನಿ, ಅಜ್ಜಿ ಇಟ್ಟ ನೋಟು

ಫೆಬ್ರವರಿಯ ಒಂದು ಭಾನುವಾರ. ಸ್ಟಾಕ್‌ಹೋಮಿನಲ್ಲಿ ಹೊರಗೆ ಮೈನಸ್ 11. ನಿಜ ಹೇಳ್ತೀನಿ, ಅವತ್ತು ನಾನು ಹಿಸ್ಟರಿ ಮ್ಯೂಸಿಯಂ ಒಳಗೆ ಹೋಗಿದ್ದು ಇತಿಹಾಸಕ್ಕಲ್ಲ, ಹೀಟರಿಗೆ. ಆರು ತಿಂಗಳ ಪ್ರಾಜೆಕ್ಟ್ ಅಂತ ಒಬ್ಬನೇ ಬಂದವನಿಗೆ ಇಲ್ಲಿ ವಾರದ ದಿನಗಳು ಹೇಗೋ ಕಳೆಯುತ್ತವೆ, ಭಾನುವಾರ ಕಳೆಯೋದು ಕಷ್ಟ. ಬಾಡಿಗೆ ಮನೆಯಲ್ಲಿ ಕೂತು ನಾಲ್ಕನೇ ಸಲ ಕಾಫಿ ಮಾಡಿಕೊಳ್ಳೋದಕ್ಕಿಂತ ವೈಕಿಂಗರ ಕತ್ತಿ ನೋಡೋದೇ ವಾಸಿ ಅನ್ನಿಸಿತ್ತು.

ಕತ್ತಿಗಳ ಮುಂದೆ ಮಕ್ಕಳ ನೂಕುನುಗ್ಗಲು. ಹಾಗಾಗಿ ಪಕ್ಕದಲ್ಲಿ ಯಾರೂ ಇಲ್ಲದ ಒಂದು ಗಾಜಿನ ಪೆಟ್ಟಿಗೆ ಮುಂದೆ ನಿಂತೆ. ಒಳಗೆ ಬೆಳ್ಳಿ ನಾಣ್ಯಗಳ ರಾಶಿ. ನಮ್ಮ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ಚಿಕ್ಕವು, ಹಪ್ಪಳದ ಹಾಗೆ ತೆಳ್ಳಗೆ. ಲೇಬಲ್ ಓದಿದೆ. ಇಂಗ್ಲೆಂಡಿನ ರಾಜ ಎಥೆಲ್‌ರೆಡ್‌ನ ಪೆನ್ನಿಗಳು, ಸಾವಿರ ವರ್ಷ ಹಳೆಯವು, ಸಿಕ್ಕಿದ್ದು ಸ್ವೀಡನ್ನಿನ ನೆಲದಲ್ಲಿ.

ಇಂಗ್ಲೆಂಡಿನ ದುಡ್ಡು ಇಲ್ಲೇನ್ ಮಾಡ್ತಿದೆ?

ಆಮೇಲೆ ಗೊತ್ತಾಯಿತು, ಇದು ಒಂದೆರಡು ನಾಣ್ಯದ ಮಾತಲ್ಲ. ಆ ಕಾಲದ ಇಂಗ್ಲಿಷ್ ಪೆನ್ನಿಗಳು ಸ್ವೀಡನ್ನಿನಲ್ಲಿ, ಅದರಲ್ಲೂ ಗಾಟ್ಲೆಂಡ್ ದ್ವೀಪದಲ್ಲಿ, ಹತ್ತಾರು ಸಾವಿರದ ಲೆಕ್ಕದಲ್ಲಿ ಸಿಕ್ಕಿವೆ. ಎಥೆಲ್‌ರೆಡ್‌ನ ನಾಣ್ಯಗಳ ಮಟ್ಟಿಗೆ, ಇಂಗ್ಲೆಂಡಿನ ಮಣ್ಣಲ್ಲಿ ಸಿಕ್ಕಿದ್ದಕ್ಕಿಂತ ಸ್ಕ್ಯಾಂಡಿನೇವಿಯಾದ ಮಣ್ಣಲ್ಲಿ ಸಿಕ್ಕಿದ್ದೇ ಹೆಚ್ಚು. ನಾನು ಕೆಲಸ ಮಾಡೋದು ಪೇಮೆಂಟ್ಸ್ ಕ್ಷೇತ್ರದಲ್ಲಿ. ಒಬ್ಬರ ಅಕೌಂಟಿನ ದುಡ್ಡು ಇನ್ನೊಬ್ಬರ ಅಕೌಂಟಿಗೆ ಸರಿಯಾಗಿ ಹೋಯ್ತಾ ಅಂತ ನೋಡೋದೇ ಹೊಟ್ಟೆಪಾಡು. ದುಡ್ಡು ಹೋಗಬಾರದ ಕಡೆ ಹೋಗಿ ಕೂತಿದೆ ಅಂದರೆ ನನಗೆ ನಿದ್ದೆ ಬರಲ್ಲ. ಅವತ್ತಿನಿಂದ ಆ ಭಾನುವಾರಗಳೆಲ್ಲ ಈ ಪೆನ್ನಿಗಳಿಗೇ ಮೀಸಲಾದವು.

ಮೊದಲು ನಾಣ್ಯದ ಮುಖ ನೋಡೋಣ. ಒಂದು ಕಡೆ ರಾಜನ ತಲೆ, ಸುತ್ತ ಅವನ ಹೆಸರು, ಇಂಗ್ಲಿಷರ ರಾಜ ಅನ್ನೋ ಬಿರುದು. ಇನ್ನೊಂದು ಕಡೆ ಶಿಲುಬೆ. ಅದರ ಸುತ್ತಲೂ ಅಕ್ಷರಗಳು. ನಾನು ಕಣ್ಣು ಕಿರಿದು ಮಾಡಿ ಓದಿದರೆ 'ಗಾಡ್‌ಪೈನ್' ಅಂತಿತ್ತು. ಇದ್ಯಾವ ದೇವರ ಪೈನ್ ಮರವಪ್ಪಾ ಅಂದುಕೊಂಡೆ. 'ಪಿ' ಥರ ಕಾಣೋದು ಪಿ ಅಲ್ಲ, 'ವ' ಉಚ್ಚಾರಣೆಯ ವಿನ್ ಅನ್ನೋ ಹಳೆಯ ಅಕ್ಷರ. ರೂನ್ ಲಿಪಿಯಿಂದ ಬಂದದ್ದು. ಅಂದರೆ ಗಾಡ್‌ವಿನ್. ಅದರ ಮುಂದೆ ಲಂಡನ್ನಿನ ಹ್ರಸ್ವರೂಪ. ಒಟ್ಟು ಅರ್ಥ ಇಷ್ಟು: ಲಂಡನ್ನಿನಲ್ಲಿ ಈ ನಾಣ್ಯ ಹೊಡೆದವನು ಗಾಡ್‌ವಿನ್.

ಪ್ರತಿ ನಾಣ್ಯದ ಮೇಲೂ ಹೀಗೇ, ಯಾವ ಊರು, ಯಾರು ಹೊಡೆದಿದ್ದು. ರಾಜನ ಹೆಸರಿಗೆ ಸರಿಸಮ ಗಾತ್ರದಲ್ಲಿ. ಇದನ್ನ ನೋಡಿ ನನಗೆ ನಗು ಬಂತು. ಸಾಫ್ಟ್‌ವೇರಿನವರಿಗೆ ಗೊತ್ತಿರುತ್ತೆ, ಗಿಟ್ ಬ್ಲೇಮ್ ಅಂತ ಒಂದು ಕಮಾಂಡ್ ಇದೆ. ಕೋಡಿನ ಯಾವ ಸಾಲನ್ನ ಯಾವ ಪುಣ್ಯಾತ್ಮ ಬರೆದ ಅಂತ ತೋರಿಸಿಬಿಡುತ್ತೆ. ಎರಡು ವರ್ಷದ ಹಿಂದೆ ಪೈಸೆ ರೌಂಡ್ ಮಾಡೋ ಒಂದು ಸಾಲಿನಲ್ಲಿ ನಾನು ಮಾಡಿದ ತಪ್ಪಿಗೆ ಇಡೀ ಟೀಮಿನ ಎದುರು ನನ್ನ ಹೆಸರು ಪರದೆ ಮೇಲೆ ಬಂದಿತ್ತು. ಒಂದು ಗಂಟೆ ಮೀಟಿಂಗ್, ನಾಲ್ಕು ಉಪದೇಶ, ಮುಗೀತು. ಗಾಡ್‌ವಿನ್‌ನಂಥವರಿಗೆ ಅಷ್ಟು ಸುಲಭ ಇರಲಿಲ್ಲ. ಕ್ರಿ.ಶ. 930ರ ಸುಮಾರಿಗೆ ಎಥೆಲ್‌ಸ್ಟನ್ ಎಂಬ ರಾಜ ಗ್ರೇಟ್ಲಿ ಅನ್ನೋ ಊರಲ್ಲಿ ಮಾಡಿದ ಕಾನೂನು ಹೀಗಿತ್ತು: ನಾಣ್ಯದಲ್ಲಿ ಮೋಸ ಮಾಡಿದವನ ಕೈ ಕಡಿಯಬೇಕು, ಕಡಿದ ಕೈಯನ್ನ ಅವನ ಕಮ್ಮಟದ ಮೇಲೇ ತೂಗುಹಾಕಬೇಕು. ನಾನು ಮಾಡಿಲ್ಲ ಅನ್ನುವವನು ಕಾದ ಕಬ್ಬಿಣ ಹಿಡಿದು ಸಾಬೀತು ಮಾಡಬೇಕು. ಎಥೆಲ್‌ರೆಡ್‌ನ ಕಾಲಕ್ಕೆ ಇನ್ನೂ ಬಿಗಿಯಾಯಿತು. ಕಾಡಿನಲ್ಲಿ ಕದ್ದು ನಾಣ್ಯ ಹೊಡೆದರೆ ಪ್ರಾಣವೇ ದಂಡ.

(ಕಮ್ಮಟ ಅಂದರೆ ನಮಗೀಗ ಕಥಾ ಕಮ್ಮಟ, ಕಾವ್ಯ ಕಮ್ಮಟ. ಮೂಲದಲ್ಲಿ ಅದು ನಾಣ್ಯ ಅಚ್ಚು ಹಾಕುವ ಜಾಗ. ಟಂಕಸಾಲೆಗೆ ಹಳೆಗನ್ನಡದ ಮಾತು. ಕಥೆ ಕೆಟ್ಟದಾಗಿ ಬರೆದರೆ ಕೈ ಕಡಿಯೋ ಪದ್ಧತಿ ಸದ್ಯ ಇಲ್ಲ.)

ಈ ವ್ಯವಸ್ಥೆಯನ್ನ ಗಟ್ಟಿ ಮಾಡಿದವನು ಎಥೆಲ್‌ಸ್ಟನ್‌ನ ತಮ್ಮನ ಮಗ ಎಡ್ಗರ್. 973ರ ಸುಮಾರಿಗೆ. ಪಿಯುಸಿಯಲ್ಲಿ 973 ಅಂದರೆ ತೈಲಪ ರಾಷ್ಟ್ರಕೂಟರನ್ನ ಮುಗಿಸಿದ್ದು ಅಂತ ಉರು ಹೊಡೆದಿದ್ದೆ. ಎರಡಕ್ಕೂ ಯಾವ ಸಂಬಂಧವೂ ಇಲ್ಲ, ಇಸವಿ ನೆನಪಿಟ್ಟುಕೊಳ್ಳೋಕೆ ಅನುಕೂಲವಾಯಿತು ಅಷ್ಟೇ. ಅಲ್ಲಿಯವರೆಗೆ ಇಂಗ್ಲೆಂಡಿನ ಒಂದೊಂದು ಭಾಗದಲ್ಲಿ ಒಂದೊಂದು ಥರದ ಪೆನ್ನಿ ನಡೀತಿತ್ತು. ಎಡ್ಗರ್ ಎಲ್ಲ ಕಮ್ಮಟಗಳಿಗೂ ಒಂದೇ ಚಿತ್ರ, ಒಂದೇ ಅಳತೆ ಕೊಟ್ಟ. ಮುಂದಿನ ದಶಕಗಳಲ್ಲಿ ಅರವತ್ತಕ್ಕೂ ಹೆಚ್ಚು ಊರುಗಳಲ್ಲಿ ನಾಣ್ಯ ಹೊಡೆಯುತ್ತಿದ್ದರು. ಲಂಡನ್, ವಿಂಚೆಸ್ಟರ್, ಯಾರ್ಕ್, ಲಿಂಕನ್ ದೊಡ್ಡವು. ಮಿಕ್ಕವು ನಮ್ಮ ಹೋಬಳಿ ಕೇಂದ್ರದ ಗಾತ್ರದವು. ಫೋನಿಲ್ಲ, ರೈಲಿಲ್ಲ, ಓದುಬರಹ ಬಂದವರು ಕಡಿಮೆ. ಆದರೂ ಎಕ್ಸೆಟರಿನ ಪೆನ್ನಿಯನ್ನೂ ಯಾರ್ಕಿನ ಪೆನ್ನಿಯನ್ನೂ ಪಕ್ಕಪಕ್ಕ ಇಟ್ಟರೆ ಊರಿನ ಹೆಸರು ಓದದೆ ವ್ಯತ್ಯಾಸ ಹೇಳೋದು ಕಷ್ಟ. ಆ ಕಾಲದ ಪಶ್ಚಿಮ ಯುರೋಪಿನಲ್ಲಿ ಇಷ್ಟು ದೊಡ್ಡ ರಾಜ್ಯಕ್ಕೆ ಇಂಥ ಒಂದೇ ನಾಣ್ಯ ಇನ್ನೆಲ್ಲೂ ಇರಲಿಲ್ಲ.

ಹೊಡೆಯೋದು ಸರಳವೇ. ಕೆಳಗಿನ ಅಚ್ಚಿಗೆ ಒಂದು ಮೊಳೆಯಂಥ ಬಾಲ, ಅದನ್ನ ಮರದ ದಿಮ್ಮಿಗೆ ನೆಟ್ಟಿರುತ್ತಾರೆ. ಮೇಲೆ ಬೆಳ್ಳಿಯ ಬಿಲ್ಲೆ, ಅದರ ಮೇಲೆ ಕೈಯಲ್ಲಿ ಹಿಡಿದ ಇನ್ನೊಂದು ಅಚ್ಚು, ಸುತ್ತಿಗೆಯ ಒಂದು ಏಟು. ಬೇಕಾದ್ದು ಅಚ್ಚಿನ ಮೇಲಿನ ಹಿಡಿತ. ಅದು ರಾಜನ ಕೈಯಲ್ಲಿತ್ತು.

ಇನ್ನೊಂದು ಜಾಣತನವೂ ಇತ್ತು. ಆರು ವರ್ಷಕ್ಕೊಮ್ಮೆ ಅಥವಾ ಅದಕ್ಕಿಂತ ಹೆಚ್ಚುಕಮ್ಮಿ, ಆಮೇಲಾಮೇಲೆ ಎರಡು ಮೂರು ವರ್ಷಕ್ಕೇ, ರಾಜ ನಾಣ್ಯದ ಚಿತ್ರ ಬದಲಿಸುತ್ತಿದ್ದ. ಶಿಲುಬೆ ಹೋಗಿ ದೇವರ ಕೈ, ಕೈ ಹೋಗಿ ಉದ್ದ ಶಿಲುಬೆ, ಆಮೇಲೆ ತಲೆಗೊಂದು ಶಿರಸ್ತ್ರಾಣ. ಬದಲಾದಾಗ ಹಳೆಯದು ನಡೆಯಲ್ಲ. ಜನ ತಮ್ಮಲ್ಲಿರೋ ಪೆನ್ನಿ ತಂದು ಕಮ್ಮಟದಲ್ಲಿ ಕೊಟ್ಟು ಹೊಸದು ತಗೋಬೇಕು, ಕೊಟ್ಟಿದ್ದಕ್ಕಿಂತ ಸ್ವಲ್ಪ ಕಡಿಮೆ. ಆ ವ್ಯತ್ಯಾಸದಲ್ಲಿ ಕಮ್ಮಟದವನಿಗೂ ಪಾಲು, ರಾಜನಿಗೂ ಪಾಲು. ಮುಂದೆ 1086ರಲ್ಲಿ ಮಾಡಿದ ಡೂಮ್ಸ್‌ಡೇ ಸಮೀಕ್ಷೆಯಲ್ಲಿ ಇದರ ಲೆಕ್ಕ ಇದೆ. ಹೆರೆಫೋರ್ಡಿನಲ್ಲಿ ಏಳು ಜನ ಕಮ್ಮಟದವರು. ನಾಣ್ಯ ಬದಲಾದಾಗ ಒಬ್ಬೊಬ್ಬ ಹೊಸ ಅಚ್ಚಿಗೆ 18 ಶಿಲಿಂಗ್ ಕೊಡಬೇಕು, ತಿಂಗಳೊಳಗೆ ಮತ್ತೆ 20. ಲೈಸೆನ್ಸ್ ರಿನ್ಯೂವಲ್ ಅಂದುಕೊಳ್ಳಿ. ಎಥೆಲ್‌ರೆಡ್‌ನ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಹೂತಿಟ್ಟ ಗಂಟುಗಳಲ್ಲಿ ಎಷ್ಟೋ ಸಲ ಒಂದೇ ಚಿತ್ರದ ನಾಣ್ಯಗಳೇ ಸಿಗುತ್ತವೆ. ಅಂದರೆ ಜನ ನಿಜವಾಗಿಯೂ ಸಾಲಲ್ಲಿ ನಿಂತು ಬದಲಾಯಿಸಿಕೊಂಡಿದ್ದರು.

ಹಳೆಯದು ನಡೆಯಲ್ಲ, ಗಡುವಿನೊಳಗೆ ಬದಲಾಯಿಸಿಕೊಳ್ಳಿ. 2016ರ ನವೆಂಬರ್ 8ರ ರಾತ್ರಿ ಎಂಟು ಗಂಟೆ ನೆನಪಾಯ್ತಲ್ಲ? ನನಗೂ ಆಯ್ತು. ಆ ವಿಷಯಕ್ಕೆ ಆಮೇಲೆ ಬರ್ತೀನಿ.

ಈಗ ಎಥೆಲ್‌ರೆಡ್. 978ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಹುಡುಗ. ಅವನ ಹೆಸರಿನ ಅರ್ಥ 'ಶ್ರೇಷ್ಠ ಸಲಹೆ'. ಮುಂದಿನವರು ಅವನಿಗೆ ಇಟ್ಟ ಅಡ್ಡಹೆಸರು 'ಅನ್‌ರೆಡ್', ಅಂದರೆ 'ಕೆಟ್ಟ ಸಲಹೆ'. ಇಂಗ್ಲಿಷ್ ಶಾಲೆಯ ಪುಸ್ತಕಗಳಲ್ಲಿ ಅದೇ ಕಾಲಕ್ರಮೇಣ 'ಅನ್‌ರೆಡಿ' ಆಗಿ, ಪಾಪ, ಯಾವತ್ತೂ ತಯಾರಿಲ್ಲದ ರಾಜ ಅಂತ ಹೆಸರು ಕೆಟ್ಟಿತು. ನಾಣ್ಯ ನೋಡಿದರೆ ಹಾಗನ್ನಿಸಲ್ಲ. ತಯಾರಿ ಚೆನ್ನಾಗೇ ಇತ್ತು. ಅದೇ ತೊಂದರೆ ಆಯಿತು.

991ರಲ್ಲಿ ವೈಕಿಂಗರ ಹಡಗುಗಳು ಎಸೆಕ್ಸ್ ಕಡೆ ಬಂದವು. ಮಾಲ್ಡನ್ ಎಂಬಲ್ಲಿ ಬಿರ್ಟ್‌ನಾತ್ ಅನ್ನೋ ಸರದಾರ ಎದುರು ನಿಂತು ಸತ್ತ. ಅದೇ ವರ್ಷ ಆರ್ಚ್‌ಬಿಷಪ್ ಸಿಗೆರಿಕ್‌ನ ಸಲಹೆಯಂತೆ ದುಡ್ಡು ಕೊಟ್ಟು ಕಳಿಸೋಣ ಅಂತ ತೀರ್ಮಾನವಾಯಿತು. ಆ ಕಾಲದ ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್ ಎಂಬ ವಾರ್ಷಿಕ ದಾಖಲೆಯಲ್ಲಿ ಮೊತ್ತ ಬರೆದಿದ್ದಾರೆ: 10,000 ಪೌಂಡು. ಪೌಂಡು ಅನ್ನೋ ನಾಣ್ಯ ಇರಲಿಲ್ಲ, ಅದು ಬರೀ ಲೆಕ್ಕ. ಒಂದು ಪೌಂಡಿಗೆ 240 ಪೆನ್ನಿ. ಅಂದರೆ 24 ಲಕ್ಷ ಪೆನ್ನಿ. ಅದಕ್ಕೆ ಅರ್ಧ ಶತಮಾನ ಮೊದಲಿನ ಲಂಡನ್ನಿನ ಒಂದು ಕಟ್ಟಳೆಯಲ್ಲಿ ಎತ್ತಿಗೆ 30 ಪೆನ್ನಿ, ಹಸುವಿಗೆ 20, ಹಂದಿಗೆ 10, ಕುರಿಗೆ 5 ಅಂತ ಬೆಲೆ ಕಟ್ಟಿದ್ದಾರೆ. ಆ ದರದಲ್ಲಿ 4 ಲಕ್ಷ 80 ಸಾವಿರ ಕುರಿಗಳು. ನಮ್ಮ ಶಿರಾ ಸಂತೆಯವರು ಕೂಡ ಲೆಕ್ಕ ತಪ್ಪಿಬಿಡುವಷ್ಟು ಕುರಿ.

ದುಡ್ಡು ಸಿಗುತ್ತೆ ಅಂತ ಗೊತ್ತಾದ ಮೇಲೆ ಬರದೇ ಇರ್ತಾರಾ? 994ರಲ್ಲಿ 16,000 ಪೌಂಡು. 1002ರಲ್ಲಿ 24,000. ಅದೇ ವರ್ಷ ನವೆಂಬರ್ 13ರಂದು ಎಥೆಲ್‌ರೆಡ್ ತಲೆ ಕೆಟ್ಟು ಇಂಗ್ಲೆಂಡಿನಲ್ಲಿದ್ದ ಡೇನರನ್ನೆಲ್ಲ ಕೊಲ್ಲಿ ಅಂತ ಆಜ್ಞೆ ಹೊರಡಿಸಿದ. ಆಕ್ಸ್‌ಫರ್ಡಿನಲ್ಲಿ ಜೀವ ಉಳಿಸಿಕೊಳ್ಳಲು ಚರ್ಚಿನೊಳಗೆ ಓಡಿಹೋದವರನ್ನ ಚರ್ಚಿನ ಸಮೇತ ಸುಟ್ಟರು. ಇದರಿಂದ ಏನೂ ನಿಲ್ಲಲಿಲ್ಲ. 1012ರಲ್ಲಿ 48,000. ಈ ಅಂಕಿಗಳು ಉತ್ಪ್ರೇಕ್ಷೆಯೋ ನಿಜವೋ ಅಂತ ಇತಿಹಾಸಕಾರರು ಇವತ್ತಿಗೂ ಜಗಳ ಆಡ್ತಾರೆ. ಅರ್ಧ ಕಳೆದರೂ ದೊಡ್ಡ ಮೊತ್ತವೇ.

ನಾನು ಬೆರಗಾಗಿದ್ದು ಮೊತ್ತಕ್ಕಲ್ಲ. ಇಷ್ಟೆಲ್ಲ ನಡೆಯುವಾಗ ಕಮ್ಮಟಗಳು ಕೆಲಸ ನಿಲ್ಲಿಸಲೇ ಇಲ್ಲ ಅನ್ನೋದಕ್ಕೆ. 1003ರಲ್ಲಿ ಡೆನ್ಮಾರ್ಕಿನ ರಾಜ ಸ್ವೇನ್ ಬಂದು ವಿಲ್ಟನ್ ಅನ್ನೋ ಊರನ್ನ ಸುಟ್ಟ. ಊರು ಸುಟ್ಟ ಮೇಲೆ ಅಲ್ಲಿ ನಾಣ್ಯ ಹೊಡೆಯುತ್ತಿದ್ದವರ ಹೆಸರುಗಳು ಹತ್ತಿರದ ಬೆಟ್ಟದ ಕೋಟೆ ಓಲ್ಡ್ ಸಾರಮ್‌ನ ನಾಣ್ಯಗಳ ಮೇಲೆ ಬರೋಕೆ ಶುರುವಾಗುತ್ತವೆ. ಅದೇ ಜನ, ಅದೇ ಸುತ್ತಿಗೆ, ಬೇರೆ ಜಾಗ. ಸಾಮರ್‌ಸೆಟ್‌ನಲ್ಲೂ ಹೀಗೇ, ಕ್ಯಾಡ್‌ಬರಿ ಎಂಬ ಪಾಳುಬಿದ್ದ ಪುರಾತನ ಗುಡ್ಡದ ಕೋಟೆಯೊಳಗೆ ತಾತ್ಕಾಲಿಕ ಕಮ್ಮಟ ಎದ್ದಿತು. ನಾವು ಡಿಸಾಸ್ಟರ್ ರಿಕವರಿ ಅಂತ ವರ್ಷಕ್ಕೊಂದು ಡ್ರಿಲ್ ಮಾಡಿ, ಅದರಲ್ಲೂ ಸರ್ವರ್ ಮೇಲೇಳದೆ, ಪಿಪಿಟಿಯಲ್ಲಿ ಹಸಿರು ಬಣ್ಣ ಬಳಿದು ಬಿಡ್ತೀವಿ. ಇವರು ಊರು ಉರಿಯುತ್ತಿರುವಾಗ ಶಿಫ್ಟ್ ಮಾಡಿದರು.

ಒಂದೇ ಒಂದು ಸಲ ಆ ಯಂತ್ರದ ಒಳಗಿಂದ ಭಯ ಕಾಣಿಸುತ್ತದೆ. 1009ರಲ್ಲಿ ಥಾರ್ಕೆಲ್ ಅನ್ನೋ ನಾಯಕನ ದೊಡ್ಡ ಸೈನ್ಯ ಬಂದಿಳಿಯಿತು. ರಾಜ ಇಡೀ ದೇಶಕ್ಕೆ ಮೂರು ದಿನ ಉಪವಾಸ ಸಾರಿದ. ರೊಟ್ಟಿ, ಸೊಪ್ಪು, ನೀರು ಮಾತ್ರ. ಬರಿಗಾಲಲ್ಲಿ ಚರ್ಚಿಗೆ ಹೋಗಬೇಕು. ಅದೇ ಹೊತ್ತಿಗೆ ಒಂದು ವಿಚಿತ್ರ ಪೆನ್ನಿ ಬಂತು. ಅದರಲ್ಲಿ ರಾಜನ ಮುಖವೇ ಇಲ್ಲ. ಆ ಜಾಗದಲ್ಲಿ ಒಂದು ಕುರಿಮರಿ, ಕ್ರಿಸ್ತನ ಸಂಕೇತ. ಹಿಂದೆ ರೆಕ್ಕೆ ಬಿಚ್ಚಿದ ಪಾರಿವಾಳ. ಅಂಥವು ಈಗ ಉಳಿದಿರೋದು ಕೆಲವೇ ಕೆಲವು. ಅವುಗಳಲ್ಲೂ ಹೆಚ್ಚಿನವು ಸಿಕ್ಕಿರೋದು ಇಂಗ್ಲೆಂಡಿನಲ್ಲಲ್ಲ, ಈ ಕಡೆ, ಬಾಲ್ಟಿಕ್ ಸುತ್ತಮುತ್ತ. ಕೆಲವಕ್ಕೆ ತೂತು ಕೊರೆದು ಕೊರಳಿಗೆ ಹಾಕಿಕೊಂಡಿದ್ದಾರೆ. ಇವರು ಯಾರಿಂದ ಕಾಪಾಡು ಅಂತ ದೇವರಿಗೆ ಮೊರೆಯಿಟ್ಟು ಹೊಡೆದರೋ ಅವರ ನಾಡಿನಲ್ಲೇ ಅದು ಪದಕವಾಯಿತು. ನಾನು ಇದರ ಫೋಟೊ ಮಾತ್ರ ನೋಡಿದ್ದು. ಕುರಿಮರಿ ಅಂಥ ಚೆನ್ನಾಗೇನೂ ಬಂದಿಲ್ಲ, ನಾಯಿ ಥರ ಇದೆ.

ಏಪ್ರಿಲ್‌ನಲ್ಲಿ ಹಿಮ ಕರಗಿದ ಮೇಲೆ, ದುಡ್ಡು ತಗೊಂಡು ಹೋದವರ ಕಡೆಯ ಸಾಕ್ಷಿ ನೋಡೋಣ ಅಂತ ಹೊರಟೆ. ಸ್ಟಾಕ್‌ಹೋಮಿನ ಉತ್ತರಕ್ಕೆ ರೋಸ್‌ಲಾಗ್ಸ್‌ಬಾನನ್ ಅಂತ ಒಂದು ನ್ಯಾರೋ ಗೇಜ್ ರೈಲು ಹೋಗುತ್ತೆ. ಅದರಲ್ಲಿ ಹೋಗಿ, ಇಳಿದು, ಹೊಲಗಳ ನಡುವೆ ನಡೆದರೆ ಊರ್ಕೆಸ್ತಾ ಅನ್ನೋ ಹಳ್ಳಿಯ ಚರ್ಚು. ಅಂಗಳದಲ್ಲಿ ನಮ್ಮ ವೀರಗಲ್ಲಿನ ಥರ ನೆಟ್ಟಿರುವ ಒಂದು ಬಂಡೆ. ಅದರ ಮೇಲೆ ಸುರುಳಿ ಸುತ್ತಿದ ಹಾವು, ಹಾವಿನ ಮೈ ತುಂಬ ರೂನ್ ಅಕ್ಷರ. ಅದರಲ್ಲಿರೋದು ಉಲ್ಫ್ ಅನ್ನೋ ಊರಿನವನೊಬ್ಬನ ಸಾಧನೆ. ಅವನು ಇಂಗ್ಲೆಂಡಿನಲ್ಲಿ ಮೂರು ಸಲ ಕಪ್ಪದ ಪಾಲು ಪಡೆದ. ಮೊದಲನೇ ಸಲ ಬಟವಾಡೆ ಮಾಡಿದವನು ತೋಸ್ತಿ, ಆಮೇಲೆ ಥಾರ್ಕೆಲ್, ಆಮೇಲೆ ಕನೂಟ್. ಅಷ್ಟೇ. ಯುದ್ಧ ಗೆದ್ದ ಅಂತಿಲ್ಲ, ಶೂರ ಅಂತಿಲ್ಲ. ಮೂರು ಸಲ ಪೇಮೆಂಟ್ ಬಂತು.

ಲಿಂಕ್ಡ್‌ಇನ್ ಪ್ರೊಫೈಲ್ ನೋಡಿದ ಹಾಗಾಯ್ತು. ಮೂರು ಕಂಪನಿ, ಮೂರು ಬೋನಸ್.

ಆ ಮೂರರಲ್ಲಿ ಥಾರ್ಕೆಲ್ ನಮಗೆ ಗೊತ್ತಿರೋ ಥಾರ್ಕೆಲ್ಲೇ. 1012ರ 48,000 ಪೌಂಡು ಹಂಚಿದ ಮೇಲೆ ಅವನು 45 ಹಡಗುಗಳ ಸಮೇತ ಎಥೆಲ್‌ರೆಡ್‌ನ ಕಡೆಗೇ ಸೇರಿಕೊಂಡ. ಅವನ ಸಂಬಳಕ್ಕೆ ಅಂತ ವರ್ಷವರ್ಷದ ಹೊಸ ತೆರಿಗೆ ಬಂತು. ಮುಂದೆ ಕನೂಟ್‌ನ ಕಡೆಗೆ ಹೋದ. ಪಕ್ಷಾಂತರ ನಮಗೇನೂ ಹೊಸದಲ್ಲ ಬಿಡಿ. 1016ರಲ್ಲಿ ಎಥೆಲ್‌ರೆಡ್ ಸತ್ತ, ಅದೇ ವರ್ಷದ ಕೊನೆಯ ಹೊತ್ತಿಗೆ ಸ್ವೇನ್‌ನ ಮಗ ಕನೂಟ್ ಇಡೀ ಇಂಗ್ಲೆಂಡಿಗೆ ರಾಜ. 1018ರಲ್ಲಿ ಅವನು ತನ್ನ ಸೈನ್ಯಕ್ಕೆ ಕೊಡೋಕೆ ಎತ್ತಿದ್ದು 72,000 ಪೌಂಡು, ಲಂಡನ್ ಒಂದರಿಂದಲೇ ಮತ್ತೆ 10,500. ಮೊದಲನೆಯದಷ್ಟೇ 1 ಕೋಟಿ 72 ಲಕ್ಷದ 80 ಸಾವಿರ ಪೆನ್ನಿ. ಹೊರಗಿಂದ ಕಿತ್ತುಕೊಳ್ಳುತ್ತಿದ್ದವರು ಈಗ ಒಳಗೆ ಕೂತು ರಸೀದಿ ಕೊಟ್ಟು ವಸೂಲು ಮಾಡಿದರು. ಕಮ್ಮಟದವರು? ಅನೇಕರು ಅವರೇ. ನಿನ್ನೆ ಎಥೆಲ್‌ರೆಡ್‌ನ ಮುಖ ಹೊಡೆಯುತ್ತಿದ್ದ ಕೈ ಇವತ್ತು ಕನೂಟ್‌ನ ಮುಖ ಹೊಡೆಯಿತು. ಹಿಂದೆ ಅದೇ ಹೆಸರು, ಅದೇ ಊರು.

ಮ್ಯೂಸಿಯಮ್ಮಿನ ಪೆನ್ನಿಗಳನ್ನ ಬಗ್ಗಿ ನೋಡಿದರೆ ಅವುಗಳ ಮೈಮೇಲೆ ಸಣ್ಣ ಸಣ್ಣ ಗೀಚು, ತಿವಿದ ಗುರುತು ಕಾಣುತ್ತವೆ. ಚಾಕುವಿನ ತುದಿಯಿಂದ ಚುಚ್ಚಿ ನೋಡಿದ್ದು, ಒಳಗೂ ಬೆಳ್ಳಿಯೇನಾ ಅಂತ. ಇಂಗ್ಲೆಂಡಿನಲ್ಲಿ ಪೆನ್ನಿಯನ್ನ ಎಣಿಸಿ ಕೊಡ್ತಿದ್ದರು, ಗಾಡ್‌ವಿನ್‌ನ ಹೆಸರೇ ಗ್ಯಾರಂಟಿ. ಚಿಲ್ಲರೆ ಬೇಕಾದರೆ ಶಿಲುಬೆಯ ಗೆರೆ ಹಿಡಿದು ಎರಡೋ ನಾಲ್ಕೋ ತುಂಡು ಮಾಡ್ತಿದ್ದರು. ಸಮುದ್ರ ದಾಟಿದ ಮೇಲೆ ಆ ಹೆಸರಿಗೆ ಬೆಲೆಯಿಲ್ಲ, ತಕ್ಕಡಿಗೆ ಮಾತ್ರ. ಚುಚ್ಚಿ, ತೂಗಿ, ಬಳೆ ಚೂರಿನ ಜತೆ ಸೇರಿಸಿ ಕೊಡೋದು. ಹಾಗಂತ ಇಲ್ಲಿ ಸಿಕ್ಕಿದ್ದೆಲ್ಲ ಕಪ್ಪದ ದುಡ್ಡೇ ಅಂತಲ್ಲ. ವ್ಯಾಪಾರದಲ್ಲೂ ಬಂದಿದೆ, ಇಲ್ಲಿನ ಗಂಟುಗಳಲ್ಲಿ ಜರ್ಮನ್ ನಾಣ್ಯಗಳು ಇಂಗ್ಲಿಷ್ ನಾಣ್ಯಗಳಿಗಿಂತ ಹೆಚ್ಚಿವೆ, ಆ ಕಾಲದ ಜರ್ಮನರು ವೈಕಿಂಗರಿಗೆ ಈ ಥರ ಕಪ್ಪ ಕೊಟ್ಟವರಲ್ಲ. ಪೆನ್ನಿಯ ಹೆಸರು ಎಷ್ಟಿತ್ತೆಂದರೆ ಡಬ್ಲಿನ್ನಿನ ರಾಜ ಸಿಟ್ರಿಕ್, ಸ್ವೀಡನ್ನಿನ ರಾಜ ಊಲೊಫ್ ಇಬ್ಬರೂ ಅದರದೇ ನಕಲು ಹೊಡೆಸಿದರು. ಸಿಗ್ಟೂನಾದಲ್ಲಿ ಹೊಡೆದ ನಾಣ್ಯದ ಮೇಲೂ ಒಬ್ಬ ಗಾಡ್‌ವಿನ್ ಇದ್ದಾನೆ.

ಇನ್ನು ಗಂಟುಗಳು. 2014ರ ಡಿಸೆಂಬರಿನಲ್ಲಿ ಬಕಿಂಗ್‌ಹ್ಯಾಮ್‌ಶೈರಿನ ಲೆನ್‌ಬರೋ ಎಂಬಲ್ಲಿ ಹೊಲದಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಓಡಾಡುತ್ತಿದ್ದವರಿಗೆ ಸೀಸದ ಹಾಳೆಯಲ್ಲಿ ಸುತ್ತಿಟ್ಟ 5,200ಕ್ಕೂ ಹೆಚ್ಚು ಪೆನ್ನಿಗಳು ಸಿಕ್ಕವು. ಎಥೆಲ್‌ರೆಡ್‌ನವು, ಕನೂಟ್‌ನವು. ಸಾವಿರ ವರ್ಷ ಸೀಸದ ಒಳಗಿದ್ದು ನಿನ್ನೆ ಹೊಡೆದ ಹಾಗಿದ್ದವು. ಓದುವಾಗ ಎಲ್ಲರೂ ನಿಧಿ ನಿಧಿ ಅಂತ ಬಾಯಿ ಬಿಡ್ತೀವಿ. ನನಗೆ ಬಾಯಿ ಬಿಡೋಕೆ ಆಗಲಿಲ್ಲ. ಸುತ್ತಿಟ್ಟವರು ವಾಪಸ್ ಬರಲಿಲ್ಲ ಅಥವಾ ಬರೋಕೆ ಆಗಲಿಲ್ಲ, ಅದಕ್ಕೇ ಅದು ಅಲ್ಲಿತ್ತು.

ನಮ್ಮ ಅಜ್ಜಿ ಇದ್ದಿದ್ದು ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ. 2016ರ ನವೆಂಬರ್‌ನಲ್ಲಿ ನಾನು ಬೆಂಗಳೂರಿನ ಒಂದು ಪೇಮೆಂಟ್ ಕಂಪನಿಯಲ್ಲಿದ್ದೆ. ಎಂಟನೇ ತಾರೀಖಿನ ರಾತ್ರಿಯಿಂದ ನಮ್ಮ ಟ್ರಾಫಿಕ್ ಹೇಗೆ ಏರಿತು ಅಂದರೆ ಎರಡು ವಾರ ಆಫೀಸಿನ ಬೀನ್ ಬ್ಯಾಗ್ ಮೇಲೇ ಮಲಗಿದ್ದೆವು. ಹೊರಗೆ ಎಟಿಎಂ ಮುಂದೆ ಸಾಲು, ಒಳಗೆ ಕೇಕ್. ಹೌದು, ಕೇಕ್ ಕತ್ತರಿಸಿದೆವು. ನಾನೂ ತಿಂದೆ, ಟೀ ಶರ್ಟ್ ಕೂಡ ಕೊಟ್ಟಿದ್ದರು. ನಾವು ಚರಿತ್ರೆ ಮಾಡ್ತಿದೀವಿ ಅನ್ನಿಸ್ತಿತ್ತು, ಸುಳ್ಳು ಯಾಕೆ ಹೇಳಲಿ.

ಡಿಸೆಂಬರಿನಲ್ಲಿ ಒಂದು ದಿನ ಅಜ್ಜಿ ಪಕ್ಕದ ಮನೆ ಹುಡುಗನ ಫೋನಿಂದ ಮಾಡಿದ್ದಳು. "ಮಗಾ, ಆ ಹಳೇ ಐನೂರರ ನೋಟು ಯಾರಾದ್ರೂ ತಗೋತಾರೇನೋ ಈಗ?" ನಾನು ಒಂದು ಕಣ್ಣು ಲ್ಯಾಪ್‌ಟಾಪಿನ ಗ್ರಾಫ್ ಮೇಲೆ ಇಟ್ಟುಕೊಂಡೇ ನಕ್ಕು, "ನಿನ್ನತ್ರ ಎಲ್ಲಿಂದ ಬಂತಜ್ಜಿ ಐನೂರರ ನೋಟು, ಸುಮ್ನಿರು" ಅಂದೆ. ಅವಳೂ ನಕ್ಕಳು. "ಹಂಗೇ ಕೇಳ್ದೆ ಕಣಪ್ಪ" ಅಂದಳು. ಬ್ಯಾಂಕಿನ ಗಡುವು 30ಕ್ಕೆ ಮುಗಿಯಿತು.

ಮಾರ್ಚ್ ತಿಂಗಳ ಕೊನೆಗೆ ಅಜ್ಜಿ ಹೋದಳು. ಹದಿಮೂರರ ದಿನ ಕಳೆದ ಮೇಲೆ ಅಮ್ಮ ಅಡುಗೆಮನೆ ಅಟ್ಟ ಇಳಿಸುವಾಗ ಹುರುಳಿಕಾಳಿನ ಡಬ್ಬಿಯ ತಳದಲ್ಲಿ ರವಿಕೆ ಕಣದಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿ ಇಟ್ಟಿದ್ದ ಗಂಟು ಸಿಕ್ಕಿತು. ಐನೂರರ 19 ನೋಟು. ತಿಂಗಳ ಪೆನ್ಷನ್ನಿನಲ್ಲಿ, ತೆಂಗಿನಕಾಯಿ ಮಾರಿದ್ದರಲ್ಲಿ ಉಳಿಸಿದ್ದು. ಒಂದಕ್ಕೂ ಮಡಿಕೆ ಇರಲಿಲ್ಲ. ಸೀಸದ ಹಾಳೆ ಇಲ್ಲದಿದ್ದರೂ ಅಷ್ಟೇ ಜೋಪಾನ.

ಆಮೇಲೆ ಓದಿ ತಿಳಕೊಂಡೆ, 2017ರ ಕಾನೂನಿನ ಪ್ರಕಾರ ಒಬ್ಬರು ಹತ್ತಕ್ಕಿಂತ ಹೆಚ್ಚು ಹಳೇ ನೋಟು ಇಟ್ಟುಕೊಂಡರೆ ದಂಡ. ಅಧ್ಯಯನಕ್ಕೆ, ಸಂಶೋಧನೆಗೆ, ನಾಣ್ಯಶಾಸ್ತ್ರಕ್ಕಾದರೆ 25ರವರೆಗೆ ಪರವಾಗಿಲ್ಲ. ಅಮ್ಮ ಒಂಬತ್ತು ಇಟ್ಟುಕೊಂಡಳು, ನಾನು ಹತ್ತು. ನಾಣ್ಯಶಾಸ್ತ್ರಜ್ಞ ಅಂತ ಹೇಳಿಕೊಳ್ಳೋ ಧೈರ್ಯ ಆಗ ಇರಲಿಲ್ಲ.

ಅದರಲ್ಲೊಂದು ನನ್ನ ಪರ್ಸಿನಲ್ಲಿ ಸ್ಟಾಕ್‌ಹೋಮಿಗೂ ಬಂದಿದೆ. ಇಲ್ಲಿ ಕಾಫಿಗೂ ಕಾರ್ಡು, ಕಕ್ಕಸ್ಸಿಗೂ ಕಾರ್ಡು. ಪರ್ಸಿನಲ್ಲಿರೋ ಏಕೈಕ ನೋಟು ಅಜ್ಜಿಯದು. ಆ ಸಂಜೆ ಊರ್ಕೆಸ್ತಾದ ಚರ್ಚಿನ ಬೆಂಚಿನ ಮೇಲೆ ಕೂತು ತೆಗೆದು ನೋಡಿದೆ. ಒಂದು ಕಡೆ ತಲೆ. ಕೆಳಗೆ, ಕೊಡುತ್ತೇನೆ ಅಂತ ಮಾತು ಕೊಟ್ಟ ಗವರ್ನರರ ಸಹಿ.

ಎಡ್ಗರ್ ಕಟ್ಟಿದ ಏರ್ಪಾಡು ಕನೂಟ್‌ಗೂ ದುಡಿಯಿತು, ಅವನಾದ ಮೇಲೂ ದುಡಿಯಿತು. ಆ ತೆರಿಗೆಯನ್ನ 1051ರಲ್ಲಿ ಎಥೆಲ್‌ರೆಡ್‌ನ ಮಗ ಎಡ್ವರ್ಡ್ ನಿಲ್ಲಿಸಿದ, ನಾಣ್ಯ ಬದಲಿಸೋದನ್ನ ಮಾತ್ರ ನಿಲ್ಲಿಸಲಿಲ್ಲ. 1066ರ ಜನವರಿಯಲ್ಲಿ ಹ್ಯಾರಲ್ಡ್ ರಾಜನಾದ. ಒಂಬತ್ತು ತಿಂಗಳ ಆಳ್ವಿಕೆ, ಎರಡು ದೊಡ್ಡ ಯುದ್ಧ, ಹೇಸ್ಟಿಂಗ್ಸ್‌ನಲ್ಲಿ ಸಾವು. ಅಷ್ಟರೊಳಗೆ ನಲವತ್ತಕ್ಕೂ ಹೆಚ್ಚು ಊರುಗಳಲ್ಲಿ ಅವನ ಪೆನ್ನಿ ಹೊರಬಂದಿತ್ತು. ಹಿಂದುಗಡೆ ದೊಡ್ಡದಾಗಿ ಒಂದೇ ಪದ, ಲ್ಯಾಟಿನ್ನಿನಲ್ಲಿ: ಶಾಂತಿ. ಗೆದ್ದ ವಿಲಿಯಂ ಭೂಮಿ ಕಿತ್ತುಕೊಂಡ, ಬಿಷಪ್ಪರನ್ನ ಬದಲಿಸಿದ. ಕಮ್ಮಟದವರನ್ನ ಮಾತ್ರ ಮುಟ್ಟಲಿಲ್ಲ. ಅವರು ಅವನ ಮುಖ ಹೊಡೆಯೋಕೆ ಶುರು ಮಾಡಿದರು.

ವಾಪಸ್ ರೈಲಿನಲ್ಲಿ ಅಮ್ಮನ ವಿಡಿಯೋ ಕಾಲ್ ಬಂತು. ಅಲ್ಲಿ ರಾತ್ರಿ ಒಂಬತ್ತೂವರೆ.

"ಎಲ್ಲೋ ಹೋಗಿದ್ದೆ, ಫೋನೇ ಎತ್ತಲ್ವಲ್ಲೋ?"

"ಒಂದು ಕಲ್ಲು ನೋಡೋಕೆ ಹೋಗಿದ್ದೆ ಕಣಮ್ಮ. ಶಾಸನ."

"ಏನಂತೆ ಅದ್ರಲ್ಲಿ?"

"ಉಲ್ಫ್ ಅಂತ ಒಬ್ಬ ಇದ್ನಂತೆ, ಇಂಗ್ಲೆಂಡಿಂದ ಮೂರು ಸಲ ದುಡ್ಡು ತಗೊಂಡ್ ಬಂದ ಅಂತ ಬರ್ದಿದಾರೆ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹಿಂದೆ ಟಿವಿ ಸದ್ದು.

"ಕೊಟ್ಟೋರ ಹೆಸರು ಬರ್ದಿದಾರಾ?"

"ಹಂಚಿದೋರ ಹೆಸರಿದೆ. ಕೊಟ್ಟೋರದಿಲ್ಲ."

"ಹೂಂ" ಅಂದಳು. "ಊಟ ಏನ್ ಮಾಡ್ಕೊಂಡಿದೀಯ ರಾತ್ರಿಗೆ?"